ಗೇಟಿಲ್ಲದ ಇಟ್ಟಿಗೆ ಗೂಡು

ಆಗ ನಾನು ಎಸಿ (ಅಸಿಸ್ಟೆಂಟ್ ಕಮಿಷನರ್) ಆಫೀಸಿನಲ್ಲಿ ಶಿರಸ್ತೇದಾರ. ಜೀತದ ದೂರು ಬಂದರೆ ವಿಚಾರಣೆ ಎಸಿಯವರದು, ಕಾಗದಪತ್ರ ನನ್ನದು. ಬೆಂಗಳೂರಿನ ಹೊರವಲಯದ ಒಂದು ಇಟ್ಟಿಗೆ ಗೂಡಿಗೆ ಬೆಳಗಿನ ಜಾವ ಹೋದೆವು. ಮಾಲೀಕ ಗಾಬರಿಯಾಗಲೇ ಇಲ್ಲ.

"ಕಟ್ ಹಾಕಿದ್ದೀವಾ ಮೇಡಂ? ನೀವೇ ನೋಡಿ, ಗೇಟೂ ಇಲ್ಲ, ಬೇಲೀನೂ ಇಲ್ಲ. ಅಡ್ವಾನ್ಸ್ ಇಸ್ಕೊಂಡವ್ರೆ, ತೀರಿಸ್ತಾವ್ರೆ."

ಗೇಟಿಲ್ಲದಿದ್ದುದು ನಿಜ. ಕೆಲಸಗಾರರೆಲ್ಲ ಒಡಿಶಾದ ಬಲಾಂಗೀರ್ ಕಡೆಯವರು. ಅಲ್ಲಿ ನುಆಖಾಯಿ ಹಬ್ಬ ಕಳೆಯುತ್ತಿದ್ದಂತೆ ದಲ್ಲಾಳಿ ಊರಿಗೆ ಬಂದು ಮುಂಗಡ ಕೊಡುತ್ತಾನೆ. ಗಂಡ, ಹೆಂಡತಿ, ಮಕ್ಕಳು ಒಟ್ಟಿಗೇ ಹೊರಡುತ್ತಾರೆ. ಮಕ್ಕಳೇಕೆ ಎಂದರೆ, ಹಸಿ ಇಟ್ಟಿಗೆಯನ್ನು ಬಿಸಿಲಿಗೆ ಮಗ್ಗುಲು ತಿರುಗಿಸಿಡುವುದು ಅವರ ಕೆಲಸ. ಹಗುರ ಮೈ, ಸಾಲಿನ ನಡುವೆ ಓಡಾಡಿದರೆ ಇಟ್ಟಿಗೆ ಕೆಡುವುದಿಲ್ಲ. ನಾವು ಹೋದಾಗಲೂ ಒಬ್ಬ ಹುಡುಗಿ ತಿರುಗಿಸುತ್ತಲೇ ಇದ್ದಳು. ಪೊಲೀಸರನ್ನು ನೋಡಿಯೂ ಸಾಲು ಮುಗಿಸಿಯೇ ಎದ್ದಳು.

ಅವರ ಮಾತು ತಿಳಿಯಬೇಕಲ್ಲ? ಹತ್ತಿರದ ಅಪಾರ್ಟ್‌ಮೆಂಟಿನ ವಾಚ್‌ಮನ್ ಒಬ್ಬ ಒಡಿಶಾದವನೇ ಇದ್ದ. ಅವನನ್ನೇ ಕರೆತಂದೆವು. (ದುಭಾಷಿಗೆಂದು ನಮ್ಮ ಕಚೇರಿಯಲ್ಲಿ ಬೇರೆ ಅನುದಾನವೇನೂ ಇರಲಿಲ್ಲ. ಅವನಿಗೆ ಕೊಟ್ಟಿದ್ದು ಟೀ, ತಿಂಡಿ.) ಸಬ್ ಇನ್‌ಸ್ಪೆಕ್ಟರ್ ಕೇಳಿದರು, "ಹೊಡೀತಾರಾ?" ಇಲ್ಲವೆಂದರು. "ಕೂಡಿ ಹಾಕ್ತಾರಾ?" ಅದೂ ಇಲ್ಲ. ಸಬ್ ಇನ್‌ಸ್ಪೆಕ್ಟರ್ ನನ್ನ ಮುಖ ನೋಡಿದರು, ಇನ್ನೇನು ಮಹಜರು ಮುಗಿಸೋಣ ಎಂಬಂತೆ.

ಎಸಿ ಮೇಡಂ ಮಾತ್ರ ನೆಲದ ಮೇಲೆಯೇ ಕುಳಿತು ಬೇರೆ ದಾರಿ ಹಿಡಿದರು. "ಊರಲ್ಲಿ ಯಾರಿಗಾದರೂ ಹುಷಾರಿಲ್ಲ ಅಂದ್ರೆ ಏನು ಮಾಡ್ತೀರಮ್ಮ?" ಒಬ್ಬ ಹೆಂಗಸು ಬಹಳ ಸಹಜವಾಗಿ ಹೇಳಿದಳು: "ಹೋಗಬಹುದು. ಒಬ್ಬರನ್ನು ಇಲ್ಲಿ ಬಿಟ್ಟು ಹೋಗಬೇಕು." ಅವಳ ಅತ್ತೆ ತೀರಿಕೊಂಡಾಗ ಗಂಡ ಒಬ್ಬನೇ ಹೋಗಿ ಬಂದಿದ್ದನಂತೆ. ಹೆಂಡತಿ, ಮಕ್ಕಳು ಇಲ್ಲಿ ಒತ್ತೆ.

ನನ್ನ ಪೆನ್ನು ಓಡತೊಡಗಿದ್ದು ಅಲ್ಲಿಂದ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಸರಪಳಿ ಎಲ್ಲಿದೆ ಎಂದು ಕೇಳುವುದಿಲ್ಲ. ಸಾಲದ ಕಾರಣಕ್ಕೆ ಎದ್ದು ಹೋಗುವ, ಬೇರೆ ಕಡೆ ದುಡಿಯುವ ಸ್ವಾತಂತ್ರ್ಯ ತಪ್ಪಿದೆಯೇ ಎಂದು ಕೇಳುತ್ತದೆ. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸಿದರೂ ಅದು ಬಲವಂತದ ದುಡಿಮೆಯೇ ಎಂದು 1982ರಲ್ಲಿ ಏಷ್ಯಾಡ್ ಕಾರ್ಮಿಕರ ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ ಹೇಳಿತ್ತು. ಮಾಲೀಕನ ಪುಸ್ತಕದಲ್ಲಿ ವಾರದ ಖರ್ಚಿ ಬಿಟ್ಟು ಕೂಲಿಯ ಲೆಕ್ಕವೇ ಇರಲಿಲ್ಲ.

ಸಂಜೆಯೊಳಗೆ ಬಿಡುಗಡೆ ಪತ್ರಗಳು ತಯಾರಾದವು. ಪೊಲೀಸ್ ಬೆಂಗಾವಲಿನಲ್ಲಿ ಅವರನ್ನು ಅವರೂರಿನ ಕಡೆಯ ಕಾಂಟಾಬಾಂಜಿಗೆ ರೈಲು ಹತ್ತಿಸಿದೆವು. ಮರುದಿನ ಪತ್ರಿಕೆಯಲ್ಲಿ ಫೋಟೊ, ತಿಂಗಳ ವರದಿಯಲ್ಲಿ ಒಂದು ಸಂಖ್ಯೆ. ನಮ್ಮ ಸಭೆಗಳಲ್ಲಿ ಎಣಿಸುತ್ತಿದ್ದುದು ಅಷ್ಟನ್ನೇ. ನನ್ನನ್ನು ಕೇಳಿದರೆ, ರಕ್ಷಿಸಿದವರ ಲೆಕ್ಕಕ್ಕಿಂತ ಅವರ ಕೈಗೆ ದುಡ್ಡು ಸೇರಿತೇ ಎಂಬ ಲೆಕ್ಕ ದೊಡ್ಡದು. 2016ರ ಪುನರ್ವಸತಿ ಯೋಜನೆಯಲ್ಲಿ ಗಂಡಸರಿಗೆ 1 ಲಕ್ಷ, ಹೆಂಗಸರು ಮಕ್ಕಳಿಗೆ 2 ಲಕ್ಷ, ಮಾನವ ಕಳ್ಳಸಾಗಣೆಯಂಥ ಘೋರ ಪ್ರಕರಣಗಳಲ್ಲಿ 3 ಲಕ್ಷ ಎಂದಿತ್ತು. ತಕ್ಷಣಕ್ಕೆ ಸಿಗುತ್ತಿದ್ದುದು ಹೆಚ್ಚೆಂದರೆ 20 ಸಾವಿರ. ಉಳಿದದ್ದು ಆರೋಪಿಗೆ ಶಿಕ್ಷೆಯಾದ ಮೇಲೆ! ಮುಂಗಡ ಹಿಡಿದು ಮನೆ ಬಾಗಿಲಿಗೇ ಬರುವ ದಲ್ಲಾಳಿ ಕೋರ್ಟಿನ ತೀರ್ಪಿಗೆ ಕಾಯುತ್ತಾನೆಯೇ?

ಪೊಲೀಸರು ಐಪಿಸಿ 370, ಅಂದರೆ ಮಾನವ ಕಳ್ಳಸಾಗಣೆಯ ಕಲಮನ್ನೂ ಹಾಕಿದ್ದರಿಂದ ಪ್ರಕರಣ ಸೆಷನ್ಸ್ ಕೋರ್ಟಿಗೆ ಹೋಯಿತು. ಒಂದು ದಿನ ಸರ್ಕಾರಿ ವಕೀಲರ ಫೋನು: "ಏನ್ರೀ, ಸಾಕ್ಷಿಗಳಿಗೆ ಕಳಿಸಿದ ಸಮನ್ಸ್ ಎಲ್ಲಾ ವಾಪಸ್ ಬಂದಿದೆ. ಮನೆಗೆ ಬೀಗ ಅಂತೆ." ಡಿಸೆಂಬರ್ ತಿಂಗಳು. ಬೀಗವಿಲ್ಲದೆ ಇನ್ನೇನು? ಇನ್ಯಾವುದೋ ಗೂಡಿನಲ್ಲಿರುತ್ತಾರೆ. "ಮಳೆಗಾಲಕ್ಕೆ ದಿನಾಂಕ ಕೇಳಿ ಸಾರ್. ಆಗ ಗೂಡು ನಡೆಯಲ್ಲ, ಊರಲ್ಲಿ ಸಿಗ್ತಾರೆ" ಎಂದೆ. ಅವರು ಕೇಳಿದರು, ಕೋರ್ಟು ಆಗಸ್ಟಿನ ದಿನಾಂಕ ಕೊಟ್ಟಿತು. ಆ ಹೆಂಗಸು ಗಂಡನೊಂದಿಗೆ ಬಂದು, ಒಬ್ಬರನ್ನು ಬಿಟ್ಟು ಹೋಗಬೇಕಿತ್ತು ಎಂಬ ಮಾತನ್ನು ಮಾಲೀಕನ ಎದುರೇ ಮತ್ತೆ ಹೇಳಿ ಹೋದಳು.