ಎಂಟಡಿ ಹಲಗೆಯ ಮೇಲೆ ಬೋಡಿ ರೈಲು

ಮಧುರೆಯಿಂದ ಉತ್ತರಕ್ಕೆ ಹೊರಟ ಹೆದ್ದಾರಿಯಲ್ಲಿ, ದಿಂಡಿಗಲ್ಲು ಇನ್ನು ಹತ್ತು ಹನ್ನೆರಡು ಕಿಲೋಮೀಟರು ಉಳಿದಿದೆ ಎನ್ನುವಾಗ ಚಿನ್ನಾಳಪಟ್ಟಿ ಎದುರಾಗುತ್ತದೆ. ಮೂಡಲಿಗೆ ಸಿರುಮಲೈ ಬೆಟ್ಟಸಾಲು. ಮಗ್ಗುಲಲ್ಲಿಯೇ 1947ರಲ್ಲಿ ಡಾ. ಸೌಂದರಂ ಮತ್ತು ಜಿ. ರಾಮಚಂದ್ರನ್ ದಂಪತಿಗಳು ಸ್ಥಾಪಿಸಿದ ಗಾಂಧಿಗ್ರಾಮ. ಸುಂಗುಡಿ ಸೀರೆಗೂ ಕೃತಕ ರೇಷ್ಮೆಯ ಸೀರೆಗೂ ಹೆಸರಾದ ಈ ಊರಿನ ದೇವಾಂಗರ ಕೇರಿಗಳಲ್ಲಿ ನಡೆದರೆ ಮಗ್ಗದ ಸದ್ದಿನ ನಡುವೆ ನಮ್ಮ ಕನ್ನಡವೂ ಕಿವಿಗೆ ಬೀಳುತ್ತದೆ. ಗಡಿಯಾಚೆಯ ಬಂಧುಗಳು ಈ ಮಾತನ್ನು ಕೇಳಿ ಮೊದಲು ನಗುವುದುಂಟು. ಸ್ವಲ್ಪ ಹೊತ್ತು ಆಲಿಸಿದ ಮೇಲೆ ತಮ್ಮ ಅಜ್ಜಿಯರ ಮಾತು ನೆನಪಾಯಿತೆನ್ನುವುದೂ ಉಂಟು.

ಇಂತಹ ಊರಿನ ಮಗ್ಗುಲಲ್ಲಿರುವ ಹಳ್ಳಿಶಾಲೆಯ ಮಕ್ಕಳು, ವಿಜ್ಞಾನ ಪ್ರದರ್ಶನಕ್ಕೆ ಓಡುವ ಆಟಿಕೆ ರೈಲೊಂದನ್ನು ಮಾಡೋಣವೆಂದು ನಮ್ಮ ಮುಂದೆ ಬಂದು ನಿಂತರು. ಪುಣೆಯಲ್ಲಿ ಜೋಶಿಯವರ ಕಿರುರೈಲು ಸಂಗ್ರಹಾಲಯ 1998ರಿಂದ ಇದೆಯೆಂದು ಅವರು ಎಲ್ಲಿಯೋ ಓದಿದ್ದರು. ಆದರೆ ಹೊರದೇಶದಿಂದ ಬರುವ ಆ ಹಳಿಗಳು ಅಗ್ಗವಲ್ಲ. ಕೊಡಬೇಕಾದ ಹಣವೋ ನೇಯುವವರ ಮನೆಯದು. ಒಂದು ವಾರದ ಕೂಲಿ ನಾಲ್ಕು ತುಂಡು ಹಳಿಗೆ ಹೋಗಿ, ಅವು ಹಲಗೆಯ ಮೇಲೆ ಹೊಂದದೆ ಮೂಲೆಗೆ ಬೀಳುವುದಾದರೆ ಯಾವ ತಂದೆಯ ಮುಖವನ್ನು ನೋಡುವುದು? ಆದ್ದರಿಂದ ನಕ್ಷೆ ಸಿದ್ಧವಾಗುವ ತನಕ ಒಂದು ಕಾಸನ್ನೂ ಖರ್ಚು ಮಾಡತಕ್ಕದ್ದಲ್ಲವೆಂದು ತೀರ್ಮಾನಿಸಿದೆವು.

ಊರಿನ ತರುಣನೊಬ್ಬನು ಎಕ್ಸ್‌ಟ್ರಾಕ್‌ಕ್ಯಾಡ್ ಎಂಬ ತಂತ್ರಾಂಶವನ್ನು ಶಾಲೆಯ ಗಣಕಯಂತ್ರದಲ್ಲಿ ಹಾಕಿಕೊಟ್ಟನು. ಅದಕ್ಕೆ ಬೆಲೆಯಿಲ್ಲ, ಯಾರು ಬೇಕಾದರೂ ಬಳಸಬಹುದು, ಬಲ್ಲವರು ತಿದ್ದಿಯೂ ಬೆಳೆಸಬಹುದು. ಹಲಗೆ ಎಷ್ಟು ಉದ್ದ, ಎಷ್ಟು ಅಗಲ, ಯಾವ ಪ್ರಮಾಣ ಎಂಬುದನ್ನು ಅದಕ್ಕೆ ಮೊದಲು ತಿಳಿಸಬೇಕು. ಅನಂತರ ನೇರ ಹಳಿ, ತಿರುವು, ಕವಲು ಹಳಿಗಳನ್ನು ಒಂದೊಂದಾಗಿ ಎಳೆದು ತಂದು ಕೂಡಿಸಬೇಕು. ಎರಡು ತುದಿಗಳು ಒಂದೇ ನೇರಕ್ಕೆ ಬಂದರೆ ಮಾತ್ರ ಅವು ಸೇರುತ್ತವೆ. ಕೊನೆಗೆ ಯಾವ ಹಳಿ ಎಷ್ಟು ಬೇಕೆಂಬ ಪಟ್ಟಿಯನ್ನೂ ಅದೇ ಬರೆದುಕೊಡುತ್ತದೆ. ತೆರೆಯ ಮೇಲೆಯೇ ರೈಲು ಓಡಿಸಿ ನೋಡಲೂ ಬರುತ್ತದೆ.

ನಮ್ಮ ಮಕ್ಕಳಿಗೆ ಇದು ಹೊಸತೆನಿಸಲಿಲ್ಲ. ಸೀರೆಯ ಅಂಚಿನ ಹೂವನ್ನು ಮೊದಲು ಚೌಕುಳಿ ಕಾಗದದ ಮೇಲೆ ಬಿಡಿಸಿ, ಆಮೇಲೆ ಜಕಾರ್ಡಿನ ಅಟ್ಟೆಗಳಿಗೆ ತೂತು ಹೊಡೆಯುವುದನ್ನು ಕಂಡವರು ಅವರು. ಕಾಗದದ ಒಂದು ಮನೆಯೆಂದರೆ ಬಟ್ಟೆಯಲ್ಲಿ ಹಾಸೂ ಹೊಕ್ಕೂ ಕೂಡುವ ಒಂದು ಜಾಗ. ಅಲ್ಲಿ ಲೆಕ್ಕ ತಪ್ಪಿದರೆ ಗಜಗಟ್ಟಲೆ ಬಟ್ಟೆಯಲ್ಲಿ ತಪ್ಪುತ್ತದೆ. "ಅಪ್ಪ ಹಾಕುವ ನಕ್ಷೆಯ ಹಾಗೆಯೇ ಸಾರ್" ಎಂದು ಏಳನೆಯ ತರಗತಿಯ ಹುಡುಗಿಯೊಬ್ಬಳು ಅಂದಳು. ತಂತ್ರಾಂಶದ ಮಾತುಗಳೆಲ್ಲ ಇಂಗ್ಲಿಷು, ಶಾಲೆಯ ಮಾತು ತಮಿಳು. ಆದರೂ ಗಣಕಯಂತ್ರದ ಸುತ್ತ ನೆರೆದ ಮಕ್ಕಳು ತಿರುವು, ಕವಲು, ಏರು ಎಂದು ಮನೆಮಾತಿನಲ್ಲಿಯೇ ವಾದಿಸುವುದನ್ನು ಕೇಳಿ ನಮಗೆ ಹಿತವಾಯಿತು.

ಮೊದಲ ಆಸೆ ಹತ್ತಿರದ ಅಂಬಾತುರೈ ನಿಲ್ದಾಣದ್ದು. ತಿರುಚ್ಚಿಯಿಂದ ಮಧುರೆಗೆ 1875ರಲ್ಲಿ ತೆರೆದ ದಾರಿಯಲ್ಲಿರುವ ಊರು ಅದು. ಒಂದು ಭಾನುವಾರ ಅಲ್ಲಿಗೆ ಹೋಗಿ, ಪ್ಲಾಟ್‌ಫಾರಮ್ಮಿನ ಮೇಲೆ ನಿಂತೇ ನೋಡಿ, ಗುರುತು ಹಾಕಿಕೊಂಡು ಬಂದೆವು. ಲೆಕ್ಕಕ್ಕೆ ಕುಳಿತಾಗ ಕಷ್ಟ ಕಾಣಿಸಿತು. ನಾವು ಆರಿಸಿದ್ದು 87ರಲ್ಲಿ ಒಂದು ಪಾಲಿನ, ಎಚ್‌ಓ ಎಂದು ಹೆಸರಾದ ಪ್ರಮಾಣ. ಎದುರುಬದುರಿನ ರೈಲುಗಳು ಒಂದನ್ನೊಂದು ದಾಟಿ ಹೋಗಲು ನಮ್ಮ ರೈಲ್ವೆಯವರು ಹಾಕುವ ಲೂಪ್ ಹಳಿಯ ಸಾಮಾನ್ಯ ಅಳತೆ 686 ಮೀಟರು. ಈ ಪ್ರಮಾಣದಲ್ಲಿ ಅದು ಸುಮಾರು 7.9 ಮೀಟರು. ನಮ್ಮ ಹಲಗೆಯೋ ಎಂಟಡಿಗೆ ನಾಲ್ಕಡಿಯ ಪ್ಲೈವುಡ್ಡು, ಅಂದರೆ 2.44 ಮೀಟರು ಉದ್ದ, 1.22 ಮೀಟರು ಅಗಲ. ಬ್ರಾಡ್‌ಗೇಜಿನ ಅತಿ ಬಿರುಸಾದ ತಿರುವಿಗೆ 175 ಮೀಟರು ತ್ರಿಜ್ಯ. ಕುಗ್ಗಿಸಿದರೂ ಎರಡು ಮೀಟರು. ಅಂಗಡಿಯಲ್ಲಿ ಸಿಗುವ ಕಿರುಹಳಿಯ ತಿರುವಿಗೆ 438 ಮಿಲಿಮೀಟರು ತ್ರಿಜ್ಯ. ಅದನ್ನು 87 ಪಾಲು ಹಿಗ್ಗಿಸಿದರೆ 38 ಮೀಟರು. ಅಂಥ ತಿರುವಿನಲ್ಲಿ ಯಾವ ಎಕ್ಸ್‌ಪ್ರೆಸ್ಸೂ ಹಳಿಯ ಮೇಲೆ ನಿಲ್ಲದು. ಒಂದು ಹಳಿಯ ಮೇಲೆ ಇನ್ನೊಂದನ್ನು ಸೇತುವೆಯಾಗಿ ಹಾಯಿಸೋಣವೆಂದರೆ 75 ಮಿಲಿಮೀಟರು ಎತ್ತರ ಬೇಕು. 33ಕ್ಕೆ 1ರ ಏರಿನಲ್ಲಿ ಅಷ್ಟು ಹತ್ತುವುದಕ್ಕೆ ಹಲಗೆಯ ಉದ್ದವೇ ಸಾಲದು.

ಹೀಗಾಗಿ ಪ್ರಶ್ನೆ ಹಳಿಯದಾಗಿ ಉಳಿಯಲಿಲ್ಲ. ಒಂದು ಊರನ್ನು ಕಿರಿದು ಮಾಡುವಾಗ ಏನನ್ನು ಬಿಡುವುದು, ಏನನ್ನು ಇಟ್ಟುಕೊಳ್ಳುವುದು ಎಂಬುದಾಯಿತು. ಉತ್ತರ ಹುಡುಕಿಕೊಂಡು ಮಕ್ಕಳನ್ನು ಬೋಡಿನಾಯಕ್ಕನೂರಿಗೆ ಕರೆದೊಯ್ದೆವು.

ಮಧುರೆಯಿಂದ ಉಸಿಲಂಪಟ್ಟಿ, ಆಂಡಿಪಟ್ಟಿ, ತೇನಿಗಳ ಮೇಲೆ ಬೋಡಿಗೆ 90 ಕಿಲೋಮೀಟರು. 1928ರಲ್ಲಿ ತೆರೆದ ಈ ಮೀಟರ್‌ಗೇಜ್ ದಾರಿ, ಗೇಜ್ ಪರಿವರ್ತನೆಗೆಂದು 2010ರ ಕೊನೆಗೆ ನಿಂತಿತು. ತೇನಿಗೆ ಬ್ರಾಡ್‌ಗೇಜ್ ರೈಲು ಬಂದದ್ದು 2022ರಲ್ಲಿ, ಬೋಡಿಗೆ 2023ರಲ್ಲಿ. ನಡುವಣ ಹನ್ನೆರಡು ವರ್ಷಗಳಲ್ಲಿ ಹುಟ್ಟಿ ಬೆಳೆದ ಬೋಡಿಯ ಮಗುವಿಗೆ ತನ್ನೂರಿನ ರೈಲೆಂಬುದು ಹಿರಿಯರ ಬಾಯಿಮಾತು ಮಾತ್ರವಾಗಿತ್ತು. ಹಳೆಯ ಪುಟ್ಟ ಗಾಡಿಯಲ್ಲಿ ಏಲಕ್ಕಿಯ ಮೂಟೆಯ ಪಕ್ಕ ಕುಳಿತು ಹೋದವರು ಈಗಲೂ ಇದ್ದಾರೆ. ಅವರ ಮಾತು ನಿಂತರೆ ಆ ದಾರಿಯೂ ಎರಡನೆಯ ಸಲ ನಿಂತಂತೆಯೇ. ನಿಲ್ದಾಣದ ಆಚೆ ಪಶ್ಚಿಮದ ಬೆಟ್ಟಗಳು ಎದ್ದು ನಿಂತಿವೆ. ಹಳಿ ಅಲ್ಲಿಗೆ ಮುಗಿಯುತ್ತದೆ.

ಹಳಿ ಮುಗಿಯುವ ಆ ಸ್ಥಳವೇ ನಮಗೆ ದಾರಿ ತೋರಿಸಿತು. ಕೊನೆಯ ನಿಲ್ದಾಣಕ್ಕೆ ಸುತ್ತು ತಿರುವು ಬೇಡ. ಬಂದ ಇಂಜಿನ್ನು ಗಾಡಿಯಿಂದ ಬಿಚ್ಚಿಕೊಂಡು ಮುಂದೆ ಹೋಗಿ, ಪಕ್ಕದ ಹಳಿಯ ಮೇಲೆ ಹಿಂದಕ್ಕೆ ಬಂದು ಗಾಡಿಯ ಇನ್ನೊಂದು ತುದಿಯನ್ನು ಹಿಡಿದರೆ ಸಾಕು. ಮೂರು ಬೋಗಿಗಳಿಗೆ ಮುಕ್ಕಾಲು ಮೀಟರು, ಎರಡು ಕವಲುಗಳಿಗೆ 44 ಸೆಂಟಿಮೀಟರು, ಇಂಜಿನ್ನು ನಿಲ್ಲಲು 25, ಒಂದಕ್ಕೊಂದು ತಾಗದಂತೆ ಬಿಡುವ ಜಾಗ ಬೇರೆ. ಎಲ್ಲ ಸೇರಿ ಒಂದೂಮುಕ್ಕಾಲು ಮೀಟರಿನೊಳಗೆ ಕೂತಿತು. ರೈಲು ಬರುವ ಕಡೆಗೆ ಒಂದು ಕಿರುಹಲಗೆಯನ್ನು ಜೋಡಿಸಿದರೆ ಓಡಾಟಕ್ಕೆ ಕೊರತೆಯಿಲ್ಲ. ಸೇತುವೆಯನ್ನು ಬಿಟ್ಟೆವು, ಬೋಗಿಗಳನ್ನು ಕಡಿಮೆ ಮಾಡಿದೆವು. ಬೆಟ್ಟವನ್ನೂ ಮೂಟೆ ಹೊರುವವರನ್ನೂ ಬಿಡಲು ಮಕ್ಕಳು ಒಪ್ಪಲಿಲ್ಲ. ಮೂಟೆಗಳಲ್ಲಿ ಒಂದೆರಡು ನಮ್ಮೂರಿನ ಸೀರೆಯ ಗಂಟುಗಳಾಗಿರಲಿ ಎಂಬುದು ಅವರದೇ ಸೇರ್ಪಡೆ.

ನಕ್ಷೆಯನ್ನು ನಿಜ ಅಳತೆಯಲ್ಲಿಯೇ ಹಾಳೆಹಾಳೆಯಾಗಿ ಅಚ್ಚು ಮಾಡಿ, ಅಂಟಿಸಿ, ಹಲಗೆಯ ಮೇಲೆ ಹಾಸಿ, ಹಳಿಗಳ ಪಟ್ಟಿಯೊಡನೆ ತಂದೆತಾಯಿಗಳನ್ನು ಕರೆದು ತೋರಿಸಿದೆವು. ನೇಕಾರರೊಬ್ಬರು ಬಗ್ಗಿ, ಕಾಗದದ ಮೇಲಿನ ಹಳಿಯನ್ನು ಗೇಣಿನಿಂದ ಅಳೆದು, "ಹಾಸು ಸರಿಯಾಗಿದೆ, ಇನ್ನು ನೇಯಬಹುದು" ಎಂದರು. ಹಣ ಕೂಡಿದ್ದು ಆ ಮಾತಿನ ಮೇಲೆ.

ವಾಚಕರ ಮನೆಗಳಲ್ಲಿಯೂ ಮಕ್ಕಳಿದ್ದಾರೆ, ಗಣಕಯಂತ್ರವಿದೆ, ನಿಂತುಹೋದ ಯಾವುದೋ ದಾರಿಯನ್ನು ನೆನೆಯುವ ಹಿರಿಯರಿದ್ದಾರೆ. ಮೂವರನ್ನೂ ಒಂದೆಡೆ ಕೂರಿಸಿ ನೋಡಿರಿ. ಹಲಗೆ ಚಿಕ್ಕದಾದಷ್ಟೂ ಏನು ಉಳಿಯಬೇಕೆಂಬುದು ತಿಳಿಯಾಗುತ್ತದೆ. ಊರು ಬಿಟ್ಟು ಬಂದ ನಮ್ಮ ಹಿರಿಯರು ಎಲ್ಲವನ್ನೂ ಹೊತ್ತು ತರಲಾರದೆ ಮಗ್ಗವನ್ನೂ ದೇವರನ್ನೂ ಮಾತನ್ನೂ ತಂದರು. ಆಯುವ ಆ ವಿವೇಕವನ್ನು ಮಕ್ಕಳು ಆಟದಲ್ಲಿಯೇ ಕಲಿಯುವುದಾದರೆ ಅದಕ್ಕಿಂತ ಒಳ್ಳೆಯ ಪಾಠ ಬೇರೊಂದಿಲ್ಲ.