ಓಣಿಯವರನ್ನ ಮೊದಲು ಕೇಳ್ರಿ

2022ರ ಡಿಸೆಂಬರ್‌ನಲ್ಲಿ ರಾಜ್ಯದ ‘ನಮ್ಮ ಕ್ಲಿನಿಕ್’ಗಳಿಗೆ ಚಾಲನೆ ಸಿಕ್ಕಿದ್ದು ನಮ್ಮ ಹುಬ್ಬಳ್ಳಿಯ ಭೈರಿದೇವರಕೊಪ್ಪದಲ್ಲಿ. ಆಗ ಗೊತ್ತು ಮಾಡಿದ ವೇಳೆ ಬೆಳಿಗ್ಗೆ 9ರಿಂದ ಸಂಜೆ 4.30. ಮನೆಗೆಲಸಕ್ಕೆ, ಗೌಂಡಿ ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳು ಓಣಿಗೆ ಮರಳೋದೇ ಐದರ ಮೇಲೆ. ಕೇಳಿದ್ದರೆ ಅವರೇ ಹೇಳುತ್ತಿದ್ದರು. ನಳಕ್ಕೆ ದಿನಾ ನೀರು ಬರದ ಕಡೆ ಬ್ಯಾರಲ್ ತುಂಬಿಡಲೇಬೇಕು. ಆ ನೀರಲ್ಲಿ ಡೆಂಗಿ ಸೊಳ್ಳೆಯ ಲಾರ್ವಾ ಹುಡುಕಲು ಸಿಬ್ಬಂದಿ ಯಾವತ್ತು ಬಂದರೆ ಉಪಯೋಗ ಅನ್ನೋದೂ ಅವರಿಗೇ ಗೊತ್ತು.

ಕೇಳೋದಕ್ಕೆ ವ್ಯವಸ್ಥೆ ಇದೆ. ರಾಷ್ಟ್ರೀಯ ನಗರ ಆರೋಗ್ಯ ಅಭಿಯಾನದಲ್ಲಿ 50ರಿಂದ 100 ಮನೆಗೊಂದು ಮಹಿಳಾ ಆರೋಗ್ಯ ಸಮಿತಿ, ಅದರ ಕೈಗೆ ವರ್ಷಕ್ಕೆ 5,000 ರೂಪಾಯಿ. ಆ ಸಮಿತಿಯ ಸಭೆ ಬರೀ ಸಹಿಗೆ ಮುಗಿಯಬಾರದು. ಮುಂದಿನ ಸಭೆ ಯಾವಾಗ ಅಂತ ನಿಮ್ಮ ಓಣಿಯ ಆಶಾ ಅಕ್ಕನವರನ್ನ ಕೇಳಿ, ಹೋಗಿ ಕೂತು ಮಾತಾಡ್ರಿ.