ಒಂದು ಮತ್ಸ್ಯವೂ ನನ್ನ ಒಬ್ಬ ಶಿಷ್ಯನೂ

ಉಪಾಧ್ಯಾಯನಾದವನು ನಿವೃತ್ತನಾದ ಮೇಲೆ ತನ್ನ ಶಿಷ್ಯರನ್ನು ಒಬ್ಬೊಬ್ಬರನ್ನಾಗಿ ನೆನೆಯುತ್ತ ಕೂಡುವುದು ಸಹಜವೇ ಸರಿ. ಇಂಥವನು ವಕೀಲನಾದನು, ಇಂಥವಳು ವೈದ್ಯಳಾದಳು ಎಂದು ಹಿಗ್ಗುವುದೂ ಉಂಟು. ಆದರೆ ರಾತ್ರಿ ನಿದ್ರೆ ಬಾರದಿದ್ದಾಗ ನನ್ನ ಕಣ್ಣೆದುರಿಗೆ ಬಂದು ನಿಲ್ಲುವವನು ಅವರಾರೂ ಅಲ್ಲ. ನೆಲದಿಂದ ಎದ್ದು ನಿಲ್ಲುವುದಕ್ಕೇ ಪ್ರಯಾಸಪಡುತ್ತಿದ್ದ ಏಳು ವರ್ಷದ ಒಬ್ಬ ಬಾಲಕನು.

ಅದು 1991ನೆಯ ಇಸವಿ. ನಾನಾಗ ಹೊಸ ಉಪಾಧ್ಯಾಯನು. ಸಂಸ್ಕೃತದಲ್ಲಿ ಶಿಕ್ಷಾ ಎಂದರೆ ಕಲಿಕೆ. ಕನ್ನಡದಲ್ಲಿ ಶಿಕ್ಷೆ ಎಂದರೆ ದಂಡನೆ. ಎರಡೂ ಒಂದೇ ಎಂದು ನಂಬಿದ್ದ ಕಾಲವದು. ನಾನು ತರಗತಿಯೊಳಗೆ ಕಾಲಿಟ್ಟೊಡನೆ ಮಕ್ಕಳೆಲ್ಲರೂ ದಡಕ್ಕನೆ ಎದ್ದು ನಮಸ್ಕರಿಸುವರು. ಇವನೊಬ್ಬನು ಮಾತ್ರ ಮೊದಲು ಅಂಗೈಗಳನ್ನು ನೆಲಕ್ಕೂರಿ, ಬಳಿಕ ಮೊಣಕಾಲನ್ನು ಹಿಡಿದು, ಆಮೇಲೆ ತೊಡೆಯನ್ನು ಹಿಡಿದು, ತನ್ನ ಮೈಯನ್ನು ತಾನೇ ಏಣಿಯಂತೆ ಹತ್ತಿಕೊಂಡು ಏಳುವನು. ಹುಡುಗರು ನಗುವರು. ಅವನ ಮೀನಖಂಡಗಳು ಪೈಲ್ವಾನನವುಗಳಂತೆ ದಪ್ಪಗಿದ್ದುವು. ಆದುದರಿಂದ ಇದು ಸೋಮಾರಿತನದ ಅಣಕವೆಂದೇ ನಾನು ತೀರ್ಮಾನಿಸಿದೆನು. ಬೆತ್ತದಿಂದ ಎರಡು ಏಟು ಕೊಟ್ಟು, ಹತ್ತು ಸಲ ಕುಳಿತು ಏಳುವಂತೆ ಆಜ್ಞಾಪಿಸಿದೆನು. ನಾಲ್ಕನೆಯ ಸಲ ಅವನು ಏಳಲಿಲ್ಲ. ಅಳಲೂ ಇಲ್ಲ, ತಾನೇ ತಪ್ಪಿತಸ್ಥನೆಂಬಂತೆ ನನ್ನ ಮುಖವನ್ನು ನೋಡಿದನು.

ಮೂರು ವರ್ಷಗಳ ತರುವಾಯ ಅವನ ತಂದೆಯು ಅವನನ್ನು ಹೆಗಲ ಮೇಲೆ ಹೊತ್ತು ತರುತ್ತಿದ್ದುದನ್ನು ಕಂಡೆನು. ಹದಿನೇಳನೆಯ ವಯಸ್ಸಿಗೆ ಆ ಬಾಲಕನು ತೀರಿಕೊಂಡನು.

ಕಳೆದ ವರ್ಷ ನನ್ನ ತಮ್ಮನ ಮಗಳು ತಾನು ಕೆಲಸಮಾಡುವ ಸಂಶೋಧನಾಲಯಕ್ಕೆ ನನ್ನನ್ನು ಕರೆದೊಯ್ದಳು. ಅಲ್ಲಿ ಸಾಲುಸಾಲಾಗಿ ಗಾಜಿನ ತೊಟ್ಟಿಗಳು; ಅವುಗಳಲ್ಲಿ ಮೈಮೇಲೆ ನೀಲಿ ಪಟ್ಟೆಗಳುಳ್ಳ ಕಿರುಬೆರಳಿನಷ್ಟು ಮೀನುಗಳು. ಇವಕ್ಕೆ ಝೀಬ್ರಾ ಮೀನೆಂದು ಹೆಸರು. ಇವು ನಮ್ಮ ದೇಶದ ಹೊಳೆಗಳವೇ. ಫ್ರಾನ್ಸಿಸ್ ಹ್ಯಾಮಿಲ್ಟನ್ ಎಂಬ ವೈದ್ಯನು ಗಂಗಾನದಿಯ ಮೀನುಗಳನ್ನು ಕುರಿತು 1822ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನು ಮೊದಲು ವರ್ಣಿಸಿದನು. ಈತನು ಕನ್ನಡಿಗರಿಗೆ ಅಪರಿಚಿತನಲ್ಲ. 1800ರಲ್ಲಿ ಬುಕಾನನ್ ಎಂಬ ಹೆಸರಿನಿಂದ ಮೈಸೂರು ಸೀಮೆಯನ್ನು ಸಂಚರಿಸಿ ನಮ್ಮ ಬೆಳೆ ಬದುಕುಗಳನ್ನು ಬರೆದಿಟ್ಟವನು ಇವನೇ.

ಈ ಮೀನಿನ ಮೊಟ್ಟೆ ತಾಯಿಯ ಹೊರಗೆ ಬೆಳೆಯುತ್ತದೆ. ಅದರ ಭ್ರೂಣವು ಸ್ಫಟಿಕದಂತೆ ಪಾರದರ್ಶಕವಾದುದು. ಆದುದರಿಂದ ಗರ್ಭದ ರಹಸ್ಯವೆಲ್ಲವೂ ಸೂಕ್ಷ್ಮದರ್ಶಕದ ಕೆಳಗೆ ಪ್ರತ್ಯಕ್ಷ. ಬೆನ್ನಿನ ಎರಡು ಕಡೆಗಳಲ್ಲಿಯೂ ಅರ್ಧ ಗಂಟೆಗೊಂದು ಜೋಡಿಯಂತೆ ಮಾಂಸದ ಖಂಡಗಳು ಮೂಡುತ್ತ ಒಂದು ದಿನದೊಳಗೆ ಸುಮಾರು 30 ಜೋಡಿಗಳಾಗುವುವು. ಬೆನ್ನೆಲುಬಿನ ಪೂರ್ವರೂಪವಾದ ಹುರಿಯೊಂದು ಅಲ್ಲಿಂದಲೇ ರಾಸಾಯನಿಕ ಸಂದೇಶವನ್ನು ಕಳುಹಿಸುತ್ತದೆ. ಅದನ್ನು ಕೇಳಿದ ಪಕ್ಕದ ಕಣಗಳು ನಿಧಾನವಾಗಿ, ಆದರೆ ದಣಿಯದೆ ದುಡಿಯುವ ಎಳೆಗಳಾಗಿ ಮಾರ್ಪಟ್ಟು, ಒಳಗಿನಿಂದ ಹೊರಟು ಚರ್ಮದ ಅಡಿಗೆ ಬಂದು ನೆಲೆಸುತ್ತವೆ. ಬಂಗುಡೆ ಮೀನನ್ನು ಕೊಯ್ಯುವ ಗೃಹಿಣಿಯರು ಚರ್ಮದ ಕೆಳಗೆ ಕಾಣುವ ಕೆಂಗಪ್ಪು ಪಟ್ಟಿ ಈ ಜಾತಿಯ ಮಾಂಸವೇ. ಒಳಗಿನ ಬಿಳಿಯ ಮಾಂಸವು ಥಟ್ಟನೆ ಚಿಮ್ಮುವುದಕ್ಕಾಗಿ ಇರುವುದು.

ಹುಡುಗಿಯು ಒಂದು ತಟ್ಟೆಯಲ್ಲಿದ್ದ ನಾಲ್ಕು ದಿನದ ಮರಿಗಳನ್ನು ಕೂದಲಿನಂಥ ಕಡ್ಡಿಯಿಂದ ಮುಟ್ಟಿದಳು. ಉಳಿದವು ಚಿಮ್ಮಿ ಹೋದುವು. ಒಂದು ಮಾತ್ರ ತುಸು ನಡುಗಿ ಅಲ್ಲಿಯೇ ಉಳಿಯಿತು. “ಇದೇಕೆ ಹೀಗೆ ಸೋಮಾರಿ?” ಎಂದು ಕೇಳಿದೆನು. ಆ ಶಬ್ದವು ನನ್ನ ಬಾಯಿಂದ ಹೊರಬಿದ್ದೊಡನೆ ನನ್ನ ಎದೆ ಧಸಕ್ಕೆಂದಿತು. “ಸೋಮಾರಿಯಲ್ಲ ದೊಡ್ಡಪ್ಪ, ಇದಕ್ಕೆ ಡಿಸ್ಟ್ರೋಫಿನ್ ಇಲ್ಲ,” ಎಂದಳಾಕೆ.

ಡಿಸ್ಟ್ರೋಫಿನ್ ಎಂಬುದು ಮಾಂಸದ ಎಳೆಯ ಒಳಗಿನ ತಂತುಗಳನ್ನು ಅದರ ಹೊರಪೊರೆಗೆ ಬಿಗಿಯುವ ಒಂದು ಸಸಾರಜನಕ. ಅದಿಲ್ಲದಿದ್ದರೆ ಮೈಯನ್ನು ಬಿಗಿದಾಗಲೆಲ್ಲ ಪೊರೆಯು ಹರಿಯುವುದು. ಮೀನಿನಲ್ಲಿ ಎಳೆಗಳು ಗೂಟದಿಂದ ಕಿತ್ತ ಹಗ್ಗದಂತೆ ತಮ್ಮ ನೆಲೆಯಿಂದಲೇ ಕಳಚಿಕೊಳ್ಳುತ್ತವೆ. ಜರ್ಮನಿಯ ಟ್ಯೂಬಿಂಗೆನ್ ನಗರದ ವಿಜ್ಞಾನಿಗಳು 1996ರಲ್ಲಿ ಪ್ರಕಟಿಸಿದ ವಿಕೃತ ಮೀನುಗಳಲ್ಲಿ ಇಂಥದೂ ಒಂದಿತ್ತು. ಅದರ ಕಾರಣವು ಡಿಸ್ಟ್ರೋಫಿನ್ ಜೀನಿನ ದೋಷವೆಂಬುದು 2003ರಲ್ಲಿ ತಿಳಿಯಿತು. ಮನುಷ್ಯರಲ್ಲಿ ಇದೇ ಜೀನ್ ಕೆಟ್ಟರೆ ಡುಶೆನ್ ಎಂಬ ಫ್ರೆಂಚ್ ವೈದ್ಯನ ಹೆಸರಿನ ಕ್ಷಯಿಸುವ ರೋಗ ಬರುವುದು. ಅದು ಬಹುಮಟ್ಟಿಗೆ ಗಂಡುಮಕ್ಕಳನ್ನೇ ಹಿಡಿಯುತ್ತದೆ.

ಕೆಡುವ ಬಗೆಯನ್ನು ಆಕೆಯು ವಿವರಿಸಿದಾಗ ನನಗೆ ಛಂದಶ್ಶಾಸ್ತ್ರವೇ ನೆನಪಾಯಿತು. ನಮ್ಮ ಅಕ್ಷರಗಣಗಳಲ್ಲಿ ಲಘು ಗುರುಗಳೆಂಬ ಎರಡೇ ಬಗೆ. ಮೂರು ಮೂರಾಗಿ ಕೂಡಿದರೆ ಎಂಟು ಗಣಗಳು. ಜೀನಿನ ಬರಹದಲ್ಲಿ ಅಕ್ಷರಗಳು ನಾಲ್ಕು. ಅವನ್ನೂ ಜೀವಕೋಶವು ಮೂರು ಮೂರಾಗಿಯೇ ಓದುವುದರಿಂದ 64 ಗಣಗಳು. ನಡುವೆ ಮೂರು ಅಕ್ಷರ ಬಿದ್ದುಹೋದರೆ ಒಂದು ಗಣ ಮಾತ್ರ ನಷ್ಟ. ಮುಂದಿನ ಓದು ಹೇಗೋ ಸಾಗುವುದು. ಒಂದೋ ಎರಡೋ ಬಿದ್ದರೆ ಅಲ್ಲಿಂದಾಚೆಗೆ ಎಲ್ಲ ಗಣಗಳೂ ತಪ್ಪಿ ಪದ್ಯವೇ ಕೆಡುವುದು. ಸಾಮಾನ್ಯವಾಗಿ ಮೊದಲನೆಯ ಬಗೆಯ ಲೋಪದಿಂದ ಸೌಮ್ಯವಾದ ರೋಗ, ಎರಡನೆಯದರಿಂದ ಘೋರವಾದುದು. ಇಪ್ಪತ್ತು ಲಕ್ಷಕ್ಕೂ ಮೀರಿದ ಅಕ್ಷರಗಳುಳ್ಳ ಜೀನಿನಲ್ಲಿ ಇಷ್ಟು ಸಣ್ಣ ಲೋಪ! ಛಂದೋಭಂಗಕ್ಕೆ ಪದ್ಯವನ್ನು ಹೊಡೆಯುವ ಪಂಡಿತನನ್ನು ನಾನು ಕಂಡಿಲ್ಲ, ನಾನಾದರೋ ಹೊಡೆದಿದ್ದೆನು.

ಈ ರೋಗವನ್ನು ನಿರ್ಮೂಲ ಮಾಡುವ ಔಷಧಿ ಇನ್ನೂ ಇಲ್ಲ. ಆದರೆ ಕೆಲವು ಔಷಧಿಗಳು ನಡೆದಾಡುವ ವರ್ಷಗಳನ್ನು ಹೆಚ್ಚಿಸುತ್ತವೆ. ಉಸಿರಾಟ ಹೃದಯಗಳ ಆರೈಕೆಯಿಂದ ಆಯುಸ್ಸು ಬೆಳೆದಿದೆ. ತಪ್ಪಿದ ಗಣಗಳನ್ನು ಹಾರಿಸಿ ಮುಂದಿನ ಓದನ್ನು ಸರಿಪಡಿಸುವ ಔಷಧಿಯೊಂದಕ್ಕೆ 2016ರಲ್ಲಿ ಅಮೆರಿಕಾದಲ್ಲಿ ಅನುಮತಿ ದೊರೆಯಿತು. ಅದು ಕೆಲವು ರೋಗಿಗಳಿಗೆ ಮಾತ್ರ ಸಲ್ಲುವುದು. ಹೊಸ ಔಷಧಿಗಳನ್ನು ನೀರಿನಲ್ಲಿ ಬೆರೆಸಿ ಈ ಮೀನಿನ ಮರಿಗಳ ಮೇಲೆಯೇ ಪರೀಕ್ಷಿಸುತ್ತಾರೆ.

ಆದುದರಿಂದ ವಾಚಕರಲ್ಲಿ, ವಿಶೇಷವಾಗಿ ತಾಯಿತಂದೆಗಳಲ್ಲಿಯೂ ಉಪಾಧ್ಯಾಯರಲ್ಲಿಯೂ ನನ್ನದೊಂದು ಬಿನ್ನಹ. ಮೂರರಿಂದ ಆರು ವರ್ಷದೊಳಗಿನ ಗಂಡುಮಗುವು ಪದೇ ಪದೇ ಬೀಳುತ್ತಿದ್ದರೆ, ಮೆಟ್ಟಲು ಹತ್ತಲಾರದಿದ್ದರೆ, ತುದಿಗಾಲಿನಲ್ಲಿ ನಡೆದರೆ, ತೊಡೆಯನ್ನು ಹಿಡಿದು ಎದ್ದರೆ, ಗದರಿಸಬೇಡಿರಿ; ವೈದ್ಯರಲ್ಲಿಗೆ ಕರೆದೊಯ್ಯಿರಿ. ಕ್ರಿಯಾಟಿನ್ ಕೈನೇಸ್ ಎಂಬ ಒಂದು ರಕ್ತಪರೀಕ್ಷೆಯಿಂದಲೇ ಸಂಶಯಕ್ಕೆ ದಾರಿ ತಿಳಿಯುವುದು. ದೋಷವು ಅನೇಕ ವೇಳೆ ತಾಯಿಯ ಮೂಲಕ ಬರುವುದಾದರೂ ಅದು ಆಕೆಯ ಅಪರಾಧವಲ್ಲ. ಮನೆಯಲ್ಲಿ ಯಾರೂ ಆಕೆಯನ್ನು ದೂಷಿಸಬಾರದು.

ಆ ದಿನ ಹೊರಡುವ ಮುನ್ನ ತಟ್ಟೆಯ ಕಡೆಗೆ ಮತ್ತೊಮ್ಮೆ ಬಗ್ಗಿ ನೋಡಿದೆನು. ಹಿಂದುಳಿದ ಮರಿಯು ಬಾಲವನ್ನು ಅಲುಗಿಸಿ ಸ್ವಲ್ಪ ಮುಂದೆ ಸಾಗಿತ್ತು. ಅದು ತನ್ನ ಶಕ್ತಿಯಿದ್ದಷ್ಟು ಪ್ರಯತ್ನಿಸುತ್ತಿತ್ತು. ನನ್ನ ಶಿಷ್ಯನೂ ಹಾಗೆಯೇ ಮೂರು ಸಲ ಎದ್ದಿದ್ದನು.